ಘಾಟಿ ತಿರುವಿನಲ್ಲಿ ನಮ್ಮನ್ನು ಹೊರಗೆ ತಳ್ಳುವುದು ಯಾರು?

ಮಲೆನಾಡಮ್ಮ:
ಆಗುಂಬೆ ಘಾಟಿಯಲ್ಲಿ ಮಿನಿ ಬಸ್ಸಿನಲ್ಲಿ ಇಳಿದವರಿಗೆಲ್ಲ ಇದು ಗೊತ್ತು. ಹೇರ್‌ಪಿನ್ ತಿರುವು ಬಂತು ಅಂದರೆ ಕೂತವರೆಲ್ಲ ಒಟ್ಟಿಗೆ ಒಂದು ಕಡೆ ವಾಲುತ್ತಾರೆ, ನಿಂತವರು ಕಂಬಿಗೆ ಜೋತು ಬೀಳುತ್ತಾರೆ. ಬಸ್ಸು ಬಲಕ್ಕೆ ತಿರುಗಿದರೆ ನಾವು ಎಡಕ್ಕೆ, ಎಡಕ್ಕೆ ತಿರುಗಿದರೆ ನಾವು ಬಲಕ್ಕೆ. ಇದು ಕೇಂದ್ರಾಪಗಾಮಿ ಬಲ ಅಂತ ನಾವು ಹೈಸ್ಕೂಲಿನಲ್ಲಿ ಕಲಿತದ್ದು. ಈಗ ಮೊದಲ ಪಿಯುಸಿ ಓದುವ ಮಗಳು "ಅಮ್ಮಾ, ಆ ಥರದ ಬಲವೇ ಇಲ್ಲ, ಬಲ ಇರೋದು ಒಳಗಡೆಗೆ" ಅನ್ನುತ್ತಾಳೆ. ಹಾಗಾದರೆ ಕಿಟಕಿಗೆ ಭುಜ ಒತ್ತಿ ನೋಯುತ್ತದಲ್ಲ, ಅದೇನು? ತಿಳಿದವರು ಬಿಡಿಸಿ ಹೇಳಿ. ಸುಮ್ನೆ ಸೂತ್ರ ಎಸೆದು ಹೋಗಬೇಡಿ, ದಯವಿಟ್ಟು.

ಪಿಯು_ಮೇಷ್ಟ್ರು:
ನಾನು ಮಗಳ ಪಕ್ಷ. ಆದರೆ ಅಮ್ಮನ ಭುಜದ ನೋವು ಸುಳ್ಳಲ್ಲ.

ತರಗತಿಯಲ್ಲಿ ಯಾರು ಯಾವ ಬಲದ ಹೆಸರು ಹೇಳಿದರೂ ನಾನು ಕೇಳುವುದು ಒಂದೇ ಪ್ರಶ್ನೆ: "ಕೊಟ್ಟವರು ಯಾರು?" ಭೂಮಿ ಎಳೆಯುತ್ತದೆ, ಸೀಟು ಹೊರುತ್ತದೆ, ಹಗ್ಗ ಜಗ್ಗುತ್ತದೆ, ರಸ್ತೆ ಟೈರನ್ನು ತಳ್ಳುತ್ತದೆ, ಗಾಳಿ ತಡೆಯುತ್ತದೆ. ಪ್ರತಿ ಬಲದ ಹಿಂದೆಯೂ ಅದನ್ನು ಕೊಡುವ ಒಂದು ವಸ್ತು ಇರಬೇಕು. ಈಗ ಹೇಳಿ, ನಿಮ್ಮನ್ನು ಎಡಕ್ಕೆ ತಳ್ಳಿದವರು ಯಾರು? ಬಲಗಡೆ ಕೂತವರೇ? ಅವರು ಕೈಯನ್ನೂ ತಾಗಿಸಿಲ್ಲ. ಗಾಳಿಯೇ? ಅದೂ ಅಲ್ಲ. ಬಸ್ಸಿನ ತುಂಬ ಹುಡುಕಿದರೂ ಆಸಾಮಿ ಸಿಗುವುದಿಲ್ಲ.

ನಡೆದದ್ದು ಇಷ್ಟು. ತಿರುವಿಗೆ ಮುಂಚೆ ಬಸ್ಸೂ ನೀವೂ ಒಂದೇ ದಿಕ್ಕಿಗೆ, ಒಂದೇ ವೇಗದಲ್ಲಿ ಹೋಗುತ್ತಿದ್ದಿರಿ. ಡ್ರೈವರ್ ಸ್ಟೇರಿಂಗ್ ಬಲಕ್ಕೆ ತಿರುಗಿಸಿದರು. ಮುಂದಿನ ಚಕ್ರ ವಾರೆಯಾಯಿತು. ರಸ್ತೆ ಟೈರನ್ನು ಬಲಕ್ಕೆ ತಳ್ಳಿತು, ಬಸ್ಸು ತಿರುಗಿತು. ನಿಮ್ಮನ್ನು ಮಾತ್ರ ಇನ್ನೂ ಯಾರೂ ತಿರುಗಿಸಿಲ್ಲ. ಸೀಟಿನ ಘರ್ಷಣೆ ಸ್ವಲ್ಪ ಹಿಡಿದುಕೊಳ್ಳುತ್ತದೆ, ಆದರೆ ಸಾಲದು. ನಿಮ್ಮ ದೇಹ ಹಳೇ ದಿಕ್ಕಿಗೇ ನೆಟ್ಟಗೆ ಹೊರಟಿದೆ. ಆಗ ಎಡಗಡೆಯ ಕಿಟಕಿ ಅಡ್ಡ ಬರುತ್ತದೆ. ಅದು ನಿಮ್ಮ ಭುಜವನ್ನು ಬಲಕ್ಕೆ, ಅಂದರೆ ತಿರುವಿನ ಒಳಗಡೆಗೆ ಒತ್ತುತ್ತದೆ. ನೋವು ಆ ಒತ್ತಡದ್ದು. ನೀವು ಕಿಟಕಿಯನ್ನು ಎಡಕ್ಕೆ ಒತ್ತಿದ್ದೂ ನಿಜವೇ. ಆದರೆ ಅದು ಕಿಟಕಿಯ ಮೇಲೆ ಬಿದ್ದ ಬಲ, ನಿಮ್ಮ ಮೇಲೆ ಬಿದ್ದದ್ದಲ್ಲ. ಮಕ್ಕಳು ಜಾಸ್ತಿ ತಪ್ಪುವುದು ಇಲ್ಲೇ. ಯಾವ ಬಲ ಯಾರ ಮೇಲೆ ಅನ್ನುವುದನ್ನು ಬೆರೆಸಿಬಿಡುತ್ತಾರೆ.

ಇನ್ನೊಂದು ಮಾತು. ಸ್ಪೀಡೋಮೀಟರ್ ಮುಳ್ಳು 20ರಲ್ಲೇ ನಿಂತಿದ್ದರೂ ದಿಕ್ಕು ಬದಲಾಯಿತು ಅಂದರೆ ಅಲ್ಲೊಂದು ಬಲ ಕೆಲಸ ಮಾಡಿದೆ. ನ್ಯೂಟನ್ 1687ರಲ್ಲಿ ಅಚ್ಚು ಹಾಕಿಸಿದ ಪುಸ್ತಕದ ಮೊದಲ ನಿಯಮವೇ ಇದು. ಚಲಿಸುತ್ತಾ ಇರಲು ಬಲ ಬೇಡ, ಚಲನೆ ಬದಲಾಗಲು ಬೇಕು.

ಜೋಳದ_ರೊಟ್ಟಿ:
ನಮ್ಮ ಕಡೆ ಜೋಳದ ಹೊಲದಲ್ಲಿ ಅಟ್ಟದ ಮೇಲೆ ನಿಂತು ಕವಣೆ ಬೀಸಿದವರಿಗೆ ಇದನ್ನು ಬಿಡಿಸಿ ಹೇಳುವುದೇ ಬೇಡ. ಕವಣೆಯನ್ನು ತಲೆ ಮೇಲೆ ಗಿರಗಿರ ತಿರುಗಿಸುವಾಗ ಕಲ್ಲು ಕೈಯನ್ನು ಹೊರಗೆ ಜಗ್ಗಿದ ಹಾಗೆ ಅನ್ನಿಸುತ್ತದೆ. ಆದರೆ ಹಕ್ಕಿ ಎದುರಿಗಿದ್ದರೆ ಕಲ್ಲು ಎದುರಿಗೆ ಬಂದಾಗ ಎಳೆ ಬಿಡುವುದಿಲ್ಲ. ಕಲ್ಲು ಇನ್ನೂ ಪಕ್ಕದಲ್ಲಿ ಇರುವಾಗಲೇ ಬಿಡಬೇಕು. ಆಗ ಅದು ಎದುರಿಗೆ ಹೋಗುತ್ತದೆ. ಹೊರಗೆ ತಳ್ಳುವ ಬಲ ಒಂದು ಇದ್ದಿದ್ದರೆ ಬಿಟ್ಟ ಕೂಡಲೇ ಕಲ್ಲು ಪಕ್ಕಕ್ಕೇ ಹಾರಬೇಕಿತ್ತು, ಅಲ್ವಾ? ಹೋಗುವುದಿಲ್ಲ. ಬಿಟ್ಟ ಗಳಿಗೆಯಲ್ಲಿ ಯಾವ ಕಡೆ ಮುಖ ಮಾಡಿತ್ತೋ ಅದೇ ಕಡೆ ನೆಟ್ಟಗೆ ಹೋಗುತ್ತದೆ.

ಇದನ್ನು ನಮಗೆ ಕಲಿಸಿದ ಅಜ್ಜ ಶಾಲೆಯ ಕಟ್ಟೆ ಹತ್ತಿದವನಲ್ಲ.

ಸ್ಟೇರಿಂಗ್_ಶೆಟ್ರು:
ಮೇಷ್ಟ್ರೇ, ನಮಸ್ಕಾರ. ಲಾರಿ, ಬಸ್ಸು ಎರಡನ್ನೂ ಘಾಟಿಯಲ್ಲಿ ಓಡಿಸಿದವನು ನಾನು. ಒಂದು ಡೌಟು. ತಿರುವಿನಲ್ಲಿ ಸ್ಪೀಡ್ ಹೆಚ್ಚಾಗಿ ಗಾಡಿ ಮಗುಚಿದರೆ ಯಾವ ಕಡೆಗೆ ಮಗುಚುತ್ತದೆ? ಹೊರಗಡೆಗೇ ತಾನೇ? ಒಳಗೆ ಮಗುಚಿದ್ದನ್ನು ನಾನು ನೋಡಿಲ್ಲ. ಬಲ ಒಳಗಡೆಗೆ ಇದೆ ಅನ್ನುತ್ತೀರಿ. ಹಾಗಾದರೆ ಗಾಡಿ ಒಳಗೆ ಮಗುಚಬೇಕಿತ್ತಲ್ಲ?

ತರ್ಕಪ್ರಿಯ:
ಶೆಟ್ರು ಸರಿಯಾದ ಜಾಗಕ್ಕೇ ಕೈ ಹಾಕಿದರು. ಉತ್ತರ ಕೊಡಿ ಮೇಷ್ಟ್ರೇ.

ಪಿಯು_ಮೇಷ್ಟ್ರು:
ಶೆಟ್ರೇ, ಇಂಥ ಪ್ರಶ್ನೆ ಕೇಳುವ ಹುಡುಗ ತರಗತಿಗೊಬ್ಬ ಸಿಕ್ಕರೆ ಸಾಕು.

ಬಲ ಒಳಗಡೆಗೇ ಇದೆ. ಆದರೆ ಅದು ಎಲ್ಲಿ ಬೀಳುತ್ತದೆ ನೋಡಿ. ರಸ್ತೆ ಗಾಡಿಯನ್ನು ಮುಟ್ಟುವುದು ಟೈರಿನ ತಳದಲ್ಲಿ ಮಾತ್ರ. ಗಾಡಿಯ ಭಾರ ಕೂತಿರುವುದು ಮೇಲೆ. ಕೆಳಗಿನ ಟೈರನ್ನು ರಸ್ತೆ ಒಳಗೆ ಎಳೆಯುತ್ತದೆ, ಮೇಲಿನ ಮೈ ನೆಟ್ಟಗೆ ಹೋಗುತ್ತೇನೆ ಅನ್ನುತ್ತದೆ. ನಿಂತವನ ಕಾಲ ಕೆಳಗಿನ ಚಾಪೆಯನ್ನು ಬಲಕ್ಕೆ ಎಳೆದರೆ ಅವನು ಎಡಕ್ಕೆ ಬೀಳುತ್ತಾನಲ್ಲ, ಹಾಗೆ. ಎಳೆದದ್ದು ಒಂದು ಕಡೆ, ಬಿದ್ದದ್ದು ಇನ್ನೊಂದು ಕಡೆ.

ಲೆಕ್ಕ ಬೇಕು ಅನ್ನುವವರಿಗೆ ಸುಮಾರು ಅಂಕಿ ಕೊಡುತ್ತೇನೆ. ಎಡ ಬಲ ಚಕ್ರಗಳ ನಡುವೆ 2 ಮೀಟರ್ ಅಂದುಕೊಳ್ಳಿ, ಅರ್ಧ ಅಂದರೆ 1 ಮೀಟರ್. ಗುರುತ್ವ ಕೇಂದ್ರ, ಅಂದರೆ ಗಾಡಿಯ ಭಾರವೆಲ್ಲ ಕೂತಿದೆ ಅನ್ನಬಹುದಾದ ಬಿಂದು, ನೆಲದಿಂದ 1.25 ಮೀಟರ್ ಎತ್ತರದಲ್ಲಿದೆ ಅನ್ನಿ. 1 ಭಾಗಿಸು 1.25, ಅಂದರೆ 0.8. ಗಾಡಿಯ ತೂಕದ 0.8 ಪಟ್ಟು ಬಲ ಪಕ್ಕದಿಂದ ಬಂದರೆ ಒಳಗಿನ ಚಕ್ರ ನೆಲ ಬಿಡುತ್ತದೆ. ಈಗ ಟಾಪಿನ ಮೇಲೆ ಮೂಟೆ ಹೇರಿ, ಒಳಗೆ ಜನರನ್ನು ನಿಲ್ಲಿಸಿ ಆ ಎತ್ತರವನ್ನು 1.5 ಮೀಟರ್ ಮಾಡಿ. 0.8 ಇದ್ದದ್ದು 0.67ಕ್ಕೆ ಇಳಿಯುತ್ತದೆ. 15 ಮೀಟರ್ ತ್ರಿಜ್ಯದ ತಿರುವಿನಲ್ಲಿ ಮಗುಚುವ ವೇಗ ಗಂಟೆಗೆ 39 ಕಿ.ಮೀ.ಯಿಂದ ಸುಮಾರು 36 ಕಿ.ಮೀ.ಗೆ ಇಳಿದ ಹಾಗೆ. ಸಸ್ಪೆನ್ಷನ್ ವಾಲುವುದರಿಂದ ನಿಜವಾದ ಗಾಡಿಗೆ ಇದಕ್ಕಿಂತ ಕಡಿಮೆಯೇ.

ಸ್ಟೇರಿಂಗ್_ಶೆಟ್ರು:
ಚಾಪೆ ಮಾತು ತಲೆಗೆ ಹೋಯಿತು. ಮೇಲೆ ಲೋಡ್ ಇದ್ದರೆ ಗಾಡಿ 'ತೂಗುತ್ತದೆ' ಅಂತ ನಾವು ಹೇಳುವುದು ಇದನ್ನೇ. ಅರ್ಧ ತುಂಬಿದ ಟ್ಯಾಂಕರ್ ಅಂತೂ ಇನ್ನೂ ಅಪಾಯ. ಪೂರ್ತಿ ತುಂಬಿದ್ದು ಸುಮ್ಮನಿರುತ್ತದೆ. ಅರ್ಧ ಇದ್ದರೆ ಒಳಗಿನ ನೀರು ತಿರುವಿನಲ್ಲಿ ಹೊರಗಿನ ಗೋಡೆಗೆ ಹೋಗಿ ಏರುತ್ತದೆ, ನೀವು ಸ್ಟೇರಿಂಗ್ ನೇರ ಮಾಡಿದ ಮೇಲೆ ವಾಪಸ್ ಬಂದು ಇನ್ನೊಂದು ಕಡೆ ಹೊಡೆಯುತ್ತದೆ. ಹೊಸಬರು ಎರಡನೇ ಹೊಡೆತಕ್ಕೆ ತಯಾರಿರುವುದಿಲ್ಲ.

ರಸ್ತೆ_ಇಂಜಿನಿಯರ್:
ನನ್ನದೊಂದು ತಕರಾರು. ಕೇಂದ್ರಾಪಗಾಮಿ ಬಲ ಇಲ್ಲವೇ ಇಲ್ಲ ಅಂತ ಸಾರಿಬಿಡುವುದು ಅತಿಯಾಯಿತು. ರಸ್ತೆ ವಿನ್ಯಾಸದ ನಮ್ಮ ಪುಸ್ತಕಗಳಲ್ಲಿ ಆ ಬಲದ ಹೆಸರಿನಲ್ಲೇ ಪಾಠ ಶುರುವಾಗುತ್ತದೆ. ತಿರುವಿನ ಲೆಕ್ಕವನ್ನು ಅದರಿಂದಲೇ ಮಾಡುತ್ತೇವೆ. ಲೆಕ್ಕ ಸರಿ ಬರುತ್ತದೆ, ರಸ್ತೆಯೂ ನಿಂತಿದೆ.

ತಿರುವಿನಲ್ಲಿ ರಸ್ತೆಯ ಹೊರ ಅಂಚನ್ನು ಎತ್ತರಿಸುತ್ತೇವೆ, ನೋಡಿರುತ್ತೀರಿ. ವೇಗದ ವರ್ಗವನ್ನು ತ್ರಿಜ್ಯದ 127 ಪಟ್ಟಿನಿಂದ ಭಾಗಿಸಿದರೆ ಎಷ್ಟು ಬರುತ್ತದೋ ಅಷ್ಟನ್ನು ಆ ಎತ್ತರ ಮತ್ತು ಟೈರಿನ ಹಿಡಿತ ಎರಡೂ ಸೇರಿ ಹೊರಬೇಕು. ಇಲ್ಲಿ ವೇಗ ಗಂಟೆಗೆ ಕಿ.ಮೀ.ಗಳಲ್ಲಿ, ತ್ರಿಜ್ಯ ಮೀಟರ್‌ಗಳಲ್ಲಿ. ಟೈರಿನ ಹಿಡಿತಕ್ಕೆ ನಾವು ಇಟ್ಟುಕೊಳ್ಳುವುದು ಬರೀ 0.15. ಒಣ ರಸ್ತೆ ಇದಕ್ಕಿಂತ ಎಷ್ಟೋ ಹೆಚ್ಚು ಕೊಡುತ್ತದೆ. ಆದರೆ ಮಳೆ, ಸವೆದ ಟೈರು, ಚೆಲ್ಲಿದ ಆಯಿಲ್ ಎಲ್ಲ ಲೆಕ್ಕಕ್ಕೆ ಬರಬೇಕಲ್ಲ. ಹೇರ್‌ಪಿನ್‌ಗೆ ಇಂಡಿಯನ್ ರೋಡ್ಸ್ ಕಾಂಗ್ರೆಸ್ (ರಸ್ತೆಯ ಅಳತೆಗಳನ್ನು ಗೊತ್ತುಮಾಡುವ ಸಂಸ್ಥೆ) ಹೇಳುವುದು ಕನಿಷ್ಠ 20 ಕಿ.ಮೀ. ವಿನ್ಯಾಸ ವೇಗ, ಒಳ ಅಂಚಿಗೆ ಕನಿಷ್ಠ 14 ಮೀಟರ್ ತ್ರಿಜ್ಯ, ಹೊರ ಅಂಚಿನ ಎತ್ತರ ಹೆಚ್ಚೆಂದರೆ 10ಕ್ಕೆ 1. ಆಗುಂಬೆಯಂಥ ಹಳೇ ಘಾಟಿಯ 14 ತಿರುವುಗಳೂ ಈ ಅಳತೆಗೆ ಕೂರಬೇಕು ಅಂತ ಕೇಳಬೇಡಿ. ಗುಡ್ಡ ಬಿಟ್ಟುಕೊಟ್ಟಷ್ಟೇ ಜಾಗ.

ಹೊರ ಅಂಚನ್ನು ಇನ್ನೂ ಎತ್ತರಿಸಿ ಅಂತ ಜನ ಹೇಳುತ್ತಾರೆ. ಆಗುವುದಿಲ್ಲ. ಪೂರ್ತಿ ಲೋಡಿನ ಲಾರಿ ಏರಿನಲ್ಲಿ ನಡೆಯುವ ವೇಗದಲ್ಲಿ ಬರುತ್ತದೆ, ಕೆಲವೊಮ್ಮೆ ತಿರುವಿನಲ್ಲೇ ನಿಂತುಬಿಡುತ್ತದೆ. ಅದು ಒಳಗಡೆಗೆ ಜಾರುತ್ತದೆ, ವಾಲುತ್ತದೆ. ಶೆಟ್ರೇ, ಗಾಡಿ ಒಳಗೆ ಮಗುಚುವುದು ಬೇಕಿದ್ದರೆ ಹಾಗೆ ಮಾಡಬಹುದು.

ರೈಲಿನಲ್ಲೂ ಇದೇ ಕಥೆ. ಸಕಲೇಶಪುರ–ಸುಬ್ರಹ್ಮಣ್ಯ ಘಾಟಿಯಲ್ಲಿ 50ಕ್ಕೆ 1 ಇಳಿಜಾರು, 57 ಸುರಂಗ, ಸಾಲು ಸಾಲು ತಿರುವು. ತಿರುವಿನಲ್ಲಿ ಹೊರಗಿನ ಹಳಿ ಒಳಗಿನದಕ್ಕಿಂತ ಎತ್ತರ. ಪ್ಯಾಸೆಂಜರ್ ಗಾಡಿಗೆ ಹೊಂದುವ ಹಾಗೆ ಎತ್ತರಿಸಿದರೆ ನಿಧಾನ ಹೋಗುವ ಗೂಡ್ಸ್ ತನ್ನ ಭಾರದ ಹೆಚ್ಚು ಪಾಲನ್ನು ಒಳಗಿನ ಹಳಿಯ ಮೇಲೆ ಹಾಕುತ್ತದೆ. ನಡುವೆ ಒಂದು ಅಳತೆ ಹುಡುಕಬೇಕು.

ಪಿಯು_ಮೇಷ್ಟ್ರು:
ಇಂಜಿನಿಯರ್ ಸಾಹೇಬರೇ, ನಿಮ್ಮ ಲೆಕ್ಕ ಸರಿ. ನೀವು ಬಸ್ಸಿನೊಳಗೆ ಕೂತು ಲೆಕ್ಕ ಮಾಡುತ್ತಿದ್ದೀರಿ, ನಾನು ರಸ್ತೆ ಬದಿಯ ಕಲ್ಲಿನ ಮೇಲೆ ನಿಂತು ಮಾಡುತ್ತಿದ್ದೇನೆ. ಬಸ್ಸಿನೊಳಗೆ ಕೂತವನ ಕಣ್ಣಿಗೆ ಬಸ್ಸು ನಿಂತೇ ಇದೆ. ಅವನ ಪ್ರಕಾರ ಪ್ರಯಾಣಿಕನೂ ನಿಂತೇ ಇದ್ದಾನೆ, ಆದರೆ ಕಿಟಕಿ ಅವನನ್ನು ಒಳಗೆ ಒತ್ತುತ್ತಿದೆ. ನಿಂತವನ ಮೇಲೆ ಬಲಗಳು ಸರಿದೂಗಬೇಕು. ಹಾಗಾಗಿ ಹೊರಗಡೆಗೆ ಒಂದು ಬಲ ಸೇರಿಸಿಕೊಳ್ಳುತ್ತಾನೆ. ಲೆಕ್ಕಕ್ಕೆ ಬೇಕಾದ ಬಲ ಅದು, ಕೊಟ್ಟವರು ಮಾತ್ರ ಇಲ್ಲ. ಷರತ್ತು ಒಂದೇ. ಒಳಗೆ ಕೂತವನು ಲೆಕ್ಕ ಮುಗಿಯುವ ತನಕ ಒಳಗೇ ಕೂತಿರಬೇಕು. ಅರ್ಧ ಲೆಕ್ಕ ಒಳಗೆ, ಅರ್ಧ ಲೆಕ್ಕ ಹೊರಗೆ ಮಾಡುವುದರಿಂದಲೇ ಪರೀಕ್ಷೆಯಲ್ಲಿ ಅಂಕ ಹೋಗುವುದು.

ತರ್ಕಪ್ರಿಯ:
ಇದು ಜಾಣತನದ ಉತ್ತರ ಆಯಿತು. ಒಬ್ಬನಿಗೆ ಇದೆ, ಇನ್ನೊಬ್ಬನಿಗೆ ಇಲ್ಲ ಅಂದರೆ ಅದು ಇದೆಯೋ ಇಲ್ಲವೋ? ಸರಿ, ನನ್ನ ಪ್ರಶ್ನೆ ಚಂದ್ರನದ್ದು. ಭೂಮಿ ಚಂದ್ರನನ್ನು ಎಳೆಯುತ್ತದೆ. ಚಂದ್ರ ಬೀಳುವುದಿಲ್ಲ. ಯಾಕೆ? ಹೊರಗಡೆಗೆ ಅಷ್ಟೇ ಬಲ ಇರುವುದರಿಂದ ಅಂತ ನಮಗೆ ಶಾಲೆಯಲ್ಲಿ ಹೇಳಿದ್ದಾರೆ. ಅಲ್ಲಿ ಬಸ್ಸೂ ಇಲ್ಲ, ಕಿಟಕಿಯೂ ಇಲ್ಲ.

ಪಿಯು_ಮೇಷ್ಟ್ರು:
ಚಂದ್ರ ಬೀಳುತ್ತಲೇ ಇದ್ದಾನೆ. ಒಂದು ಸೆಕೆಂಡಿನಲ್ಲಿ ತನ್ನ ನೇರ ದಾರಿಯಿಂದ ಭೂಮಿಯ ಕಡೆಗೆ ಸುಮಾರು 1.4 ಮಿಲಿಮೀಟರ್ ಬೀಳುತ್ತಾನೆ. ಅದೇ ಸೆಕೆಂಡಿನಲ್ಲಿ ಪಕ್ಕಕ್ಕೆ ಸುಮಾರು 1 ಕಿಲೋಮೀಟರ್ ಓಡಿರುತ್ತಾನೆ. ಹಾಗಾಗಿ ಬಿದ್ದಷ್ಟೂ ಭೂಮಿ ಸಿಗುವುದಿಲ್ಲ, ಸುತ್ತು ಬರುತ್ತಾನೆ. ನೀವು ಹೇಳುವ ಹೊರಗಿನ ಬಲ ನಿಜಕ್ಕೂ ಇದ್ದು, ಎರಡೂ ಸರಿದೂಗಿದ್ದರೆ ಉಳಿಯುವುದು ಸೊನ್ನೆ. ಬಲ ಸೊನ್ನೆಯಾದರೆ ಚಂದ್ರ ನೇರ ಗೆರೆಯಲ್ಲಿ ಹೊರಟುಹೋಗಬೇಕು. ಸುತ್ತುತ್ತಿದ್ದಾನೆ ಅನ್ನುವುದೇ ಬಲಗಳು ಸರಿದೂಗಿಲ್ಲ ಅನ್ನುವುದಕ್ಕೆ ಸಾಕ್ಷಿ.

ಬಾಹ್ಯಾಕಾಶ ನಿಲ್ದಾಣದಲ್ಲಿ ತೇಲುವವರ ಕಥೆಯೂ ಇದೇ. ಸುಮಾರು 400 ಕಿ.ಮೀ. ಎತ್ತರದಲ್ಲಿ ಭೂಮಿಯ ಸೆಳೆತ ನೆಲದ ಮೇಲಿನದರ ಶೇ. 90ರ ಹತ್ತಿರ ಇದೆ. ಅಲ್ಲಿ ಸೆಳೆತ ಇಲ್ಲ ಅನ್ನುವುದು ಸುಳ್ಳು. ನಿಲ್ದಾಣವೂ ಒಳಗಿನವರೂ ಒಟ್ಟಿಗೆ ಬೀಳುತ್ತಿದ್ದಾರೆ, ನೆಲ ಅವರ ಪಾದವನ್ನು ಒತ್ತುವುದಿಲ್ಲ, ಅದಕ್ಕೇ ತೇಲುವುದು.

ಬುಲೆಟ್_ಬಸಣ್ಣ:
ಚಂದ್ರನಿಂದ ಕೆಳಗೆ ಇಳಿಯಿರಿ ಸ್ವಾಮಿ. ನಾವು ಎರಡು ಚಕ್ರದವರು ವಾಲಿಸುತ್ತೇವಲ್ಲ, ಅದರ ಲೆಕ್ಕ ಏನು? ಬಸ್ಸು ತಿರುವಿನಲ್ಲಿ ಹೊರಗೆ ವಾಲುತ್ತದೆ, ಬೈಕು ಒಳಗೆ ವಾಲುತ್ತದೆ. ಬಿದ್ದರೆ ಮಾತ್ರ ಬೈಕು ಜಾರುವುದು ಹೊರಗಡೆಗೆ.

ಒಂದು ಮಜಾ ಹೇಳುತ್ತೇನೆ, ಬಹಳ ಜನ ನಂಬುವುದಿಲ್ಲ. ಓಡುತ್ತಿರುವ ಬೈಕನ್ನು ಎಡಕ್ಕೆ ತಿರುಗಿಸಬೇಕು ಅಂದರೆ ಎಡಗಡೆ ಹ್ಯಾಂಡಲ್ಲನ್ನು ಮುಂದಕ್ಕೆ ತಳ್ಳಬೇಕು. ಅಂದರೆ ಚಕ್ರ ಒಂದು ಗಳಿಗೆ ಬಲಕ್ಕೆ ತಿರುಗುತ್ತದೆ. ಟೈರು ಬಲಕ್ಕೆ ಸರಿಯುತ್ತದೆ, ಮೈ ಎಡಕ್ಕೆ ವಾಲುತ್ತದೆ, ಆಮೇಲೆ ತಿರುವು. ಮೇಷ್ಟ್ರು ಹೇಳಿದ ಚಾಪೆ ಆಟವೇ, ಆದರೆ ನಾವೇ ಬೇಕಂತಲೇ ಚಾಪೆ ಎಳೆದುಕೊಳ್ಳುತ್ತೇವೆ. ಎಲ್ಲರೂ ಗೊತ್ತಿಲ್ಲದೆಯೇ ಮಾಡುತ್ತಾರೆ. ನಂಬದವರು ಖಾಲಿ ರಸ್ತೆಯಲ್ಲಿ 40ರಲ್ಲಿ ಹೋಗುವಾಗ ಎಡ ಅಂಗೈಯಿಂದ ಮೆಲ್ಲಗೆ ಒತ್ತಿ ನೋಡಿ. ಮೆಲ್ಲಗೆ ಅಂದೆ, ನೆನಪಿರಲಿ.

ಪಿಯು_ಮೇಷ್ಟ್ರು:
ಬಸಣ್ಣ, ಪೂರ್ತಿ ಸರಿ. ಎಷ್ಟು ವಾಲಬೇಕು ಅನ್ನುವುದು ವೇಗ ಮತ್ತು ತಿರುವಿನ ಮೇಲೆ ನಿಂತಿದೆ, ನಿಮ್ಮ ತೂಕದ ಮೇಲೆ ಅಲ್ಲ. 15 ಮೀಟರ್ ತಿರುವಿನಲ್ಲಿ ಗಂಟೆಗೆ 20 ಕಿ.ಮೀ. ಇದ್ದರೆ ಸುಮಾರು 12 ಡಿಗ್ರಿ, 30 ಇದ್ದರೆ 25 ಡಿಗ್ರಿ. ಮೋಟೋಜಿಪಿ ಬೈಕ್ ರೇಸಿನ ಸವಾರರು 60 ಡಿಗ್ರಿಗೂ ಮೀರಿ ವಾಲುತ್ತಾರೆ. ಅಲ್ಲಿ ಟೈರು ತೂಕದ ಒಂದೂ ಮುಕ್ಕಾಲು ಪಟ್ಟು ಬಲವನ್ನು ಪಕ್ಕಕ್ಕೆ ಹಿಡಿದಿರುತ್ತದೆ. ಬಿಸಿಯಾದ, ಅಂಟು ಅಂಟಾದ ರೇಸ್ ಟೈರಿಗೆ ಮಾತ್ರ ಸಾಧ್ಯ. ನಮ್ಮ ನಿಮ್ಮ ಟೈರಿನಲ್ಲಿ ಅದನ್ನು ನೋಡಿ ಕಲಿಯಲು ಹೋಗಬೇಡಿ.

ಮಾಂಟ್ರಿಯಲ್_ಮಾಲಿನಿ:
ಹೊರಗಿನ ಬಲ ಇದೆಯಾ ಇಲ್ಲವಾ ಅನ್ನುವ ಜಗಳವನ್ನು ನಮ್ಮೂರಿನ ಚಳಿಗಾಲ ತೀರಿಸಿಬಿಡುತ್ತದೆ. ಇಲ್ಲಿ ಕೆನಡಾದ ಮಾಂಟ್ರಿಯಲ್‌ನಲ್ಲಿ ಡಿಸೆಂಬರ್ 1ರಿಂದ ಮಾರ್ಚ್ 15ರ ತನಕ ಕಾರಿಗೆ ಚಳಿಗಾಲದ ಟೈರು ಹಾಕಲೇಬೇಕು, ಕಾನೂನು. ಯಾಕೆ ಅಂತ ಮೊದಲ ಸಲ ಹಿಮಗಟ್ಟಿದ ತಿರುವಿಗೆ ಬಂದಾಗ ಗೊತ್ತಾಗುತ್ತದೆ. ಟಾರಿನ ಮೇಲೆ ಕಣ್ಣಿಗೆ ಕಾಣದ ತೆಳು ಮಂಜುಗಡ್ಡೆ. ಸ್ಟೇರಿಂಗ್ ತಿರುಗಿಸುತ್ತೀರಿ, ಚಕ್ರವೂ ತಿರುಗುತ್ತದೆ, ಕಾರು ಮಾತ್ರ ತಿರುಗುವುದಿಲ್ಲ. ಅದು ಹೊರಗಡೆಗೆ ಜಿಗಿಯುವುದಿಲ್ಲ, ಗಮನಿಸಿ. ಏನೂ ಆಗಿಲ್ಲವೆಂಬಂತೆ ನೆಟ್ಟಗೆ ಹೋಗುತ್ತದೆ. ತಿರುಗಿದ್ದು ರಸ್ತೆ, ನಾವಲ್ಲ.

ಆ ಹೊತ್ತಿನಲ್ಲಿ ಇನ್ನೊಂದು ಗಮನಕ್ಕೆ ಬರುತ್ತದೆ. ಸೀಟಿನಲ್ಲಿ ಯಾರೂ ಪಕ್ಕಕ್ಕೆ ವಾಲುವುದಿಲ್ಲ. ಕಾಫಿ ಕಪ್ಪೂ ಅಲುಗುವುದಿಲ್ಲ. ಕಾರಿಗೆ ಒಳಗಿನ ಬಲ ಸಿಗದಿದ್ದಾಗ ನಮಗೂ 'ಹೊರಗಿನ ಬಲ' ಅನ್ನಿಸುವುದಿಲ್ಲ.

ತರ್ಕಪ್ರಿಯ:
ಕಾಫಿ ಕಪ್ಪಿನ ಮಾತು ಒಪ್ಪಿದೆ. ಆದರೆ ಮೇಷ್ಟ್ರಿಗೆ ಕೊನೆಯದೊಂದು. ಮುಚ್ಚಿದ ಕಾರಿನಲ್ಲಿ ಹೀಲಿಯಂ ಬಲೂನನ್ನು ದಾರದಲ್ಲಿ ಕಟ್ಟಿ ಹಿಡಿದುಕೊಳ್ಳಿ. ಕಾರು ಬಲಕ್ಕೆ ತಿರುಗಿದರೆ ನಾವೆಲ್ಲ ಎಡಕ್ಕೆ ವಾಲುತ್ತೇವೆ, ಬಲೂನು ಬಲಕ್ಕೆ ವಾಲುತ್ತದೆ! ಬ್ರೇಕ್ ಹಾಕಿದರೆ ನಾವು ಮುಂದಕ್ಕೆ, ಬಲೂನು ಹಿಂದಕ್ಕೆ. ವಸ್ತುಗಳೆಲ್ಲ ನೆಟ್ಟಗೆ ಹೋಗಲು ನೋಡುತ್ತವೆ ಅಂದಿರಲ್ಲ, ಬಲೂನಿಗೆ ಬೇರೆ ಕಾನೂನಾ? ಅದನ್ನು ಒಳಗೆ ತಳ್ಳಿದ 'ಆಸಾಮಿ' ಯಾರು?

ಪಿಯು_ಮೇಷ್ಟ್ರು:
ಗಾಳಿ. ಕಾರಿನೊಳಗಿನ ಗಾಳಿಯೂ ವಸ್ತುವೇ, ಅದೂ ನೆಟ್ಟಗೆ ಹೋಗಲು ನೋಡುತ್ತದೆ. ಹಾಗಾಗಿ ಎಡಗಡೆ ಒತ್ತಡ ಕೂದಲೆಳೆಯಷ್ಟು ಹೆಚ್ಚು, ಬಲಗಡೆ ಕಡಿಮೆ. ಆ ವ್ಯತ್ಯಾಸ ಬಲೂನನ್ನು ಬಲಕ್ಕೆ ತಳ್ಳುತ್ತದೆ. ನಿಮ್ಮ ಮೇಲೂ ಅಂಥದ್ದೇ ತಳ್ಳುವಿಕೆ ಇದೆ, ಆದರೆ ನಿಮ್ಮ ತೂಕದ ಮುಂದೆ ಅದು ಲೆಕ್ಕಕ್ಕೇ ಬರುವುದಿಲ್ಲ. ಬಲೂನು ತಾನು ಜಾಗ ತೆರವು ಮಾಡಿಸಿದ ಗಾಳಿಗಿಂತ ಹಗುರ, ಅದಕ್ಕೇ ಅದು ಗೆಲ್ಲುತ್ತದೆ. ಅದು ಮೇಲಕ್ಕೆ ಏರುವುದೂ ಇದೇ ಕಾರಣಕ್ಕೆ. ಕಿಟಕಿ ಪೂರ್ತಿ ಮುಚ್ಚಿ ಮಾಡಿ ನೋಡಿ, ಸ್ವಲ್ಪ ತೆರೆದಿದ್ದರೂ ಆಟ ಕೆಡುತ್ತದೆ. ಡ್ರೈವರ್ ಕೈಗೆ ಮಾತ್ರ ಬಲೂನು ಕೊಡಬೇಡಿ.

ಸ್ಟೇರಿಂಗ್_ಶೆಟ್ರು:
ಬಲೂನು ಇರಲಿ, ನಾನು ಕ್ಲೀನರ್ ಆಗಿದ್ದಾಗ ಗುರುಗಳು ಹೇಳಿದ ಒಂದು ಮಾತಿಗೆ ಕಾರಣ ಹೇಳಿ. "ತಿರುವಿಗೆ ಮುಂಚೆ ಬ್ರೇಕು, ತಿರುವಿನೊಳಗೆ ಅಲ್ಲ." ನಾವು ಇದನ್ನು ಪಾಲಿಸುತ್ತೇವೆ. ತಿರುವು ಕಂಡ ಕೂಡಲೇ ಗೇರ್ ಇಳಿಸಿ, ಸ್ಪೀಡ್ ಕಡಿಮೆ ಮಾಡಿ, ಹಾರ್ನ್ ಹೊಡೆದು, ಆಮೇಲೆ ಹಗುರಾಗಿ ತಿರುಗಿಸುವುದು. ಹೊಸ ಹುಡುಗರು ಕಾರಿನಲ್ಲಿ ಜೋರಾಗಿ ನುಗ್ಗಿ, ನಡು ತಿರುವಿನಲ್ಲಿ ಗಾಬರಿಯಾಗಿ ಬ್ರೇಕ್ ಒತ್ತುತ್ತಾರೆ. ಮಳೆಗಾಲದಲ್ಲಿ ಗಾಡಿ ನೆಟ್ಟಗೆ ಹೋಗಿ ತಡೆಗೋಡೆಗೆ.

ಪಿಯು_ಮೇಷ್ಟ್ರು:
ನಿಮ್ಮ ಗುರುಗಳಿಗೆ ನಮಸ್ಕಾರ. ಪಿಯುಸಿ ಪುಸ್ತಕದಲ್ಲಿ ಈ ಮಾತು ಇಷ್ಟು ಚೆನ್ನಾಗಿ ಇಲ್ಲ.

ಟೈರಿಗೆ ಇರುವ ಹಿಡಿತ ಒಂದೇ. ಅದರಲ್ಲೇ ತಿರುಗಬೇಕು, ಅದರಲ್ಲೇ ನಿಲ್ಲಬೇಕು. ಎರಡನ್ನೂ ಒಟ್ಟಿಗೆ ಕೇಳಿದರೆ ಎರಡಕ್ಕೂ ಸಾಲುವುದಿಲ್ಲ. ಅದೇ 15 ಮೀಟರ್ ತಿರುವು ತೆಗೆದುಕೊಳ್ಳಿ, ಸದ್ಯಕ್ಕೆ ರಸ್ತೆ ಸಮತಟ್ಟು ಅನ್ನಿ. 20 ಕಿ.ಮೀ.ಗೆ ತಿರುಗಲು ತೂಕದ 0.21 ಪಟ್ಟು ಬಲ ಬೇಕು. 30ಕ್ಕೆ 0.47. 40ಕ್ಕೆ 0.84. ವೇಗ ಇಪ್ಪತ್ತರಿಂದ ನಲವತ್ತಕ್ಕೆ ದುಪ್ಪಟ್ಟಾದರೆ ಬಲ ನಾಲ್ಕು ಪಟ್ಟು. ಒಣ ಟಾರು ಸುಮಾರು 0.7 ಕೊಡುತ್ತದೆ. ಅಂದರೆ 40ರಲ್ಲಿ ಒಣ ರಸ್ತೆಯಲ್ಲೂ ಆಗದ ಮಾತು. ಒದ್ದೆ ರಸ್ತೆ 0.4 ಕೊಟ್ಟಿತು ಅನ್ನಿ. ಆಗ 30ರಲ್ಲಿ ಬ್ರೇಕ್ ಮುಟ್ಟದೆಯೇ ಜಾರುತ್ತೀರಿ, ಮಿತಿ ಸುಮಾರು 27–28. 25ರಲ್ಲಿ ಹೋಗುತ್ತಿದ್ದೀರಿ, ತಿರುಗಲು 0.33 ಖರ್ಚಾಗಿದೆ, ಉಳಿದದ್ದು ಸ್ವಲ್ಪವೇ. ಆಗ ಬ್ರೇಕ್ ಜೋರಾಗಿ ಒತ್ತಿದರೆ ಚಕ್ರ ಲಾಕ್ ಆಗುತ್ತದೆ, ಲಾಕ್ ಆದ ಚಕ್ರ ದಿಕ್ಕು ಕೊಡುವುದಿಲ್ಲ. ಎಬಿಎಸ್ ಇದ್ದರೆ ಚಕ್ರ ಲಾಕ್ ಆಗುವುದನ್ನು ತಪ್ಪಿಸುತ್ತದೆ, ಆದರೆ ಇಲ್ಲದ ಹಿಡಿತವನ್ನು ಅದು ಹುಟ್ಟಿಸುವುದಿಲ್ಲ.

60 ಕೆ.ಜಿ. ತೂಕದ ಪ್ರಯಾಣಿಕರ ಭುಜಕ್ಕೂ ಇದೇ ಅಂಕಿ ಹಾಕಿ. 20ರಲ್ಲಿ ಕಿಟಕಿ ಮತ್ತು ಸೀಟು ಸೇರಿ ಪಕ್ಕದಿಂದ 12–13 ಕೆ.ಜಿ. ತೂಕದಷ್ಟು ಒತ್ತುತ್ತವೆ. 30ರಲ್ಲಿ 28 ಕೆ.ಜಿ. ಮಲೆನಾಡಮ್ಮನವರ ನೋವಿನಿಂದಲೇ ಡ್ರೈವರ್ ಎಷ್ಟು ಸ್ಪೀಡಿನಲ್ಲಿದ್ದರು ಅಂತ ಅಂದಾಜು ಮಾಡಬಹುದು.

ರಸ್ತೆ_ಇಂಜಿನಿಯರ್:
ಇಳಿಜಾರಿನ ಬ್ರೇಕ್ ಬಗ್ಗೆಯೂ ಒಂದು ಅಂಕಿ ಸೇರಿಸುತ್ತೇನೆ. 10 ಟನ್ ಬಸ್ಸು 500 ಮೀಟರ್ ಎತ್ತರ ಇಳಿದರೆ ಕಳೆದುಕೊಳ್ಳುವ ಶಕ್ತಿಯಲ್ಲಿ 150 ಲೀಟರ್ ತಣ್ಣೀರನ್ನು ಕುದಿಯುವ ತನಕ ಕಾಯಿಸಬಹುದು. ನ್ಯೂಟ್ರಲ್ ಹಾಕಿ ಬರೀ ಬ್ರೇಕ್ ಹಿಡಿದುಕೊಂಡು ಇಳಿದರೆ ಹೆಚ್ಚುಕಮ್ಮಿ ಅಷ್ಟೂ ಬಿಸಿ ಬ್ರೇಕ್ ಡ್ರಮ್ಮಿಗೆ. ಡ್ರಮ್ಮು ಕಾದರೆ ಪೆಡಲ್ ಒತ್ತಿದರೂ ಹಿಡಿಯುವುದಿಲ್ಲ.

ಸ್ಟೇರಿಂಗ್_ಶೆಟ್ರು:
ಅದಕ್ಕೇ ನಮ್ಮಲ್ಲಿ ಹೇಳುವುದು, ಯಾವ ಗೇರಿನಲ್ಲಿ ಹತ್ತುತ್ತೀಯೋ ಅದೇ ಗೇರಿನಲ್ಲಿ ಇಳಿ. ಗಾಡಿಯನ್ನು ಇಂಜಿನ್ ಹಿಡಿಯಬೇಕು, ಬ್ರೇಕ್ ಬರೀ ಸಹಾಯಕ್ಕೆ. ಡೀಸೆಲ್ ಉಳಿಸಲು ನ್ಯೂಟ್ರಲ್ ಹಾಕುವವರ ಗಾಡಿ ಹಿಂದೆ ಬಂದರೆ ವಾಸನೆ ಬರುತ್ತದೆ. ಸುಟ್ಟ ಲೈನರ್ ವಾಸನೆ. ನಾನು ಅಂಥ ಗಾಡಿ ಕಂಡರೆ ಬದಿಗೆ ಹಾಕಿ ಚಾ ಕುಡಿದು ಮುಂದೆ ಹೋಗುತ್ತೇನೆ.

ಮಲೆನಾಡಮ್ಮ:
ಎಲ್ಲರಿಗೂ ಥ್ಯಾಂಕ್ಸ್. ಮಗಳು ಪಕ್ಕದಲ್ಲೇ ಕೂತು ಓದಿದಳು, ಕವಣೆ ಕಲ್ಲಿನ ಮಾತು ಬಹಳ ಇಷ್ಟವಾಯಿತಂತೆ. ಅವಳದ್ದು ಒಂದು ಪ್ರಶ್ನೆ, ನನ್ನದೊಂದು. ಅವಳದ್ದು: ಪರೀಕ್ಷೆಯಲ್ಲಿ ಕೇಂದ್ರಾಪಗಾಮಿ ಬಲ ಅಂತ ಬರೆಯಬೇಕಾ ಬೇಡವಾ? ನನ್ನದು: ಘಾಟಿಯಲ್ಲಿ ವಾಂತಿ ಬರುತ್ತದಲ್ಲ, ಅದಕ್ಕೂ ಈ ಬಲಕ್ಕೂ ಸಂಬಂಧ ಇದೆಯಾ? ನಿಂಬೆಹಣ್ಣು ಮೂಸಿ ಮೂಸಿ ಸಾಕಾಗಿದೆ.

ಪಿಯು_ಮೇಷ್ಟ್ರು:
ಮಗಳಿಗೆ: ಚಿತ್ರ ಬರೆಯುವಾಗ ನೆಲದ ಮೇಲೆ ನಿಂತವನ ಕಣ್ಣಿನಿಂದ ಬರಿ. ತೂಕ ಕೆಳಕ್ಕೆ, ಸೀಟು ಮೇಲಕ್ಕೆ, ಕಿಟಕಿ ಅಥವಾ ಘರ್ಷಣೆ ಒಳಕ್ಕೆ. ಇಷ್ಟೇ ಬಾಣ. ಕೇಂದ್ರಾಭಿಮುಖ ಬಲ ಅಂತ ನಾಲ್ಕನೇ ಬಾಣ ಎಳೆಯಬೇಡ, ಅದು ಬೇರೆ ಬಲ ಅಲ್ಲ. ಒಳಕ್ಕೆ ಇರುವ ಆ ಬಲವನ್ನೇ ಹಾಗೆ ಕರೆಯುವುದು. ತಿರುಗುವ ಚೌಕಟ್ಟಿನಿಂದ, ಅಂದರೆ ಬಸ್ಸಿನೊಳಗೆ ಕೂತವನ ಕಣ್ಣಿನಿಂದ, ಲೆಕ್ಕ ಮಾಡು ಅಂತ ಪ್ರಶ್ನೆಯಲ್ಲೇ ಇದ್ದರೆ ಮಾತ್ರ ಹೊರಗಿನ ಬಾಣ ಹಾಕು, 'ಮಿಥ್ಯಾ ಬಲ' ಅಂತ ಪಕ್ಕದಲ್ಲಿ ಬರಿ.

ಅಮ್ಮನಿಗೆ: ಸಂಬಂಧ ಇದೆ. ಕಿವಿಯ ಒಳಗೆ ದ್ರವ ತುಂಬಿದ ಸಣ್ಣ ಅರ್ಧವೃತ್ತದ ನಾಳಗಳಿವೆ. ತಲೆ ತಿರುಗಿದರೂ ಆ ದ್ರವ ತಕ್ಷಣ ತಿರುಗುವುದಿಲ್ಲ, ಹಿಂದೆ ಉಳಿಯುತ್ತದೆ. ಬಸ್ಸಿನಲ್ಲಿ ನೀವು ಮಾಡಿದ್ದನ್ನೇ ಅದೂ ಮಾಡುತ್ತದೆ. ಅದರಿಂದ ಮೆದುಳಿಗೆ 'ತಿರುಗುತ್ತಿದ್ದೇವೆ' ಅಂತ ಸುದ್ದಿ ಹೋಗುತ್ತದೆ. ಕಣ್ಣು ಮೊಬೈಲ್ ನೋಡುತ್ತಿದ್ದರೆ 'ಎಲ್ಲ ನಿಂತಿದೆ' ಅನ್ನುತ್ತದೆ. ಎರಡೂ ತಾಳೆಯಾಗದಿದ್ದಾಗ ಹೊಟ್ಟೆ ತೊಳೆಸುತ್ತದೆ. ದೂರದ ರಸ್ತೆ ನೋಡುತ್ತಾ ಕೂತರೆ ಕಿವಿ, ಕಣ್ಣು ಒಂದೇ ಮಾತು ಹೇಳುತ್ತವೆ. ಹಾಗಾಗಿಯೇ ಡ್ರೈವರ್‌ಗಳಿಗೆ ವಾಂತಿ ಬರುವುದು ಅಪರೂಪ, ಸ್ಟೇರಿಂಗ್ ಅವರ ಕೈಯಲ್ಲೇ ಇರುವುದರಿಂದ ತಿರುವು ಬರುವ ಮೊದಲೇ ಅವರ ಮೈ ತಯಾರಾಗಿರುತ್ತದೆ.

ಬುಲೆಟ್_ಬಸಣ್ಣ:
ಹಿಂದೆ ಕೂತವರಿಗೂ ಇದೇ ಹೇಳುತ್ತೇನೆ. ನನ್ನ ಹೆಗಲ ಮೇಲಿಂದ ಮುಂದೆ ರಸ್ತೆ ನೋಡು, ನಾನು ವಾಲಿದ ಕಡೆ ನೀನೂ ವಾಲು. ಹೆದರಿ ಉಲ್ಟಾ ವಾಲಿದರೆ ಇಬ್ಬರಿಗೂ ಕಷ್ಟ.

ಸ್ಟೇರಿಂಗ್_ಶೆಟ್ರು:
ಮಲೆನಾಡಮ್ಮನವರೇ, ಹಿಂದಿನ ಸೀಟು ಬೇಡ. ಹಿಂದಿನ ಚಕ್ರದ ಆಚೆಗೆ ಕೂತರೆ ತಿರುವಿನಲ್ಲಿ ಬಾಲ ಬೀಸಿದ ಹಾಗೆ ಬೀಸುತ್ತದೆ, ಜೊತೆಗೆ ಗುಂಡಿಗಳ ಕುಣಿತ. ಮುಂದಿನಿಂದ ಎರಡನೇ ಮೂರನೇ ಸಾಲು ಒಳ್ಳೆಯದು, ಎದುರಿನ ಗಾಜಿನಲ್ಲಿ ರಸ್ತೆ ಕಾಣಬೇಕು. ಆ ಸೀಟು ಸಿಗಬೇಕಾದರೆ ಆಗುಂಬೆಯಲ್ಲಿ ಹತ್ತಿದರೆ ಆಗದು. ತೀರ್ಥಹಳ್ಳಿಯಲ್ಲೇ ಹತ್ತಿ ಹಿಡಿದುಕೊಳ್ಳಿ.